ಅಮೆರಿಕದ ಜನಾಭಿಪ್ರಾಯ ಸಮೀಕ್ಷೆಯನ್ನು ಓದುವ ಬಗೆ

ಅಮೆರಿಕದ ಬಹುಪಾಲು ಜನರು ಯಾವುದೋ ಒಂದನ್ನು ನಿಷೇಧಿಸಬೇಕೆಂದು ಬಯಸುತ್ತಾರೆ ಎಂಬ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ವರ್ಷಗಳು ಕಳೆದರೂ ಅಂಥ ಕಾನೂನು ಬರುವುದಿಲ್ಲ. ಆಗ ಸಮೀಕ್ಷೆ ಸುಳ್ಳಿರಬೇಕು, ಇಲ್ಲವೇ ಅಲ್ಲಿನ ಪ್ರಜಾಪ್ರಭುತ್ವದಲ್ಲಿ ಹುಳುಕಿರಬೇಕು ಎಂದು ಓದುಗರಿಗೆ ಅನಿಸುವುದು ಸಹಜ. ಬಹಳ ಸಲ ಎರಡೂ ನಿಜವಲ್ಲ. ಅಂಥ ಸುದ್ದಿ ಕಣ್ಣಿಗೆ ಬಿದ್ದಾಗ ಶೇಕಡಾವಾರು ಅಂಕಿಯನ್ನು ನೋಡುವ ಮೊದಲು, ಆ ವಿಷಯವನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳಿ. ಕಾಂಗ್ರೆಸ್ಸಿನ ಕೈಯಲ್ಲೋ (ಅಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸೆನೆಟ್ ಮತ್ತು ಪ್ರತಿನಿಧಿ ಸಭೆ ಸೇರಿದ ಸಂಸತ್ತು), ರಾಜ್ಯಗಳ ಕೈಯಲ್ಲೋ, ನ್ಯಾಯಾಲಯದ ಕೈಯಲ್ಲೋ, ಅಥವಾ ಸಂವಿಧಾನವೇ ಅದನ್ನು ಎಲ್ಲರ ಕೈಯಿಂದಲೂ ದೂರ ಇರಿಸಿದೆಯೋ?

ಇದಕ್ಕೆ ರಾಷ್ಟ್ರಧ್ವಜವನ್ನು ಸುಡುವ ಪ್ರಶ್ನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1984ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ನಡೆಯುತ್ತಿದ್ದಾಗ ಗ್ರೆಗರಿ ಲೀ ಜಾನ್ಸನ್ ಎಂಬ ಪ್ರತಿಭಟನಕಾರ ಧ್ವಜಕ್ಕೆ ಬೆಂಕಿ ಹಚ್ಚಿದ. ರಾಜ್ಯದ ಕಾನೂನಿನಂತೆ ಅವನಿಗೆ ಒಂದು ವರ್ಷದ ಸೆರೆವಾಸ ಮತ್ತು 2,000 ಡಾಲರ್ ದಂಡ ವಿಧಿಸಲಾಯಿತು. 1989ರಲ್ಲಿ ಸರ್ವೋಚ್ಚ ನ್ಯಾಯಾಲಯವು 5–4ರ ಬಹುಮತದಿಂದ, ಆ ಕೃತ್ಯವೂ ಸಂವಿಧಾನದ ಮೊದಲ ತಿದ್ದುಪಡಿ ಕಾಪಾಡುವ ಅಭಿವ್ಯಕ್ತಿಯೇ ಎಂದು ತೀರ್ಪಿತ್ತಿತು. ದೇಶ ಸಿಡಿದೆದ್ದಿತು, ಸಮೀಕ್ಷೆಗಳಲ್ಲಿ ದೊಡ್ಡ ಬಹುಮತ ನಿಷೇಧದ ಪರವಾಗಿತ್ತು. ಕಾಂಗ್ರೆಸ್ ಅದೇ ವರ್ಷ ಧ್ವಜರಕ್ಷಣೆಯ ಕಾನೂನು ತಂದಿತು. 1990ರಲ್ಲಿ ನ್ಯಾಯಾಲಯ ಅದನ್ನೂ ಅದೇ 5–4ರ ಅಂತರದಲ್ಲಿ ರದ್ದುಗೊಳಿಸಿತು. ಇನ್ನುಳಿದ ದಾರಿ ಸಂವಿಧಾನವನ್ನೇ ತಿದ್ದುವುದು. ಅದಕ್ಕೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತಗಳು ಬೇಕು, ಆಮೇಲೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. ಪ್ರತಿನಿಧಿ ಸಭೆ ಹಲವು ಬಾರಿ ಅನುಮೋದಿಸಿತು. 2006ರ ಜೂನ್‌ನಲ್ಲಿ ಸೆನೆಟ್‌ನಲ್ಲಿ 66 ಮತಗಳು ಪರವಾಗಿ, 34 ಮತಗಳು ವಿರುದ್ಧವಾಗಿ ಬಿದ್ದವು. ಬೇಕಾಗಿದ್ದುದು 67. ಒಂದೇ ಒಂದು ಮತದ ಕೊರತೆಯಿಂದ ಪ್ರಸ್ತಾವ ಬಿದ್ದುಹೋಯಿತು.

ಸಮೀಕ್ಷೆ ಸರಿಯಾಗಿಯೇ ಇತ್ತು, ಜನಾಭಿಪ್ರಾಯವೂ ಗಟ್ಟಿಯಾಗಿತ್ತು. ಆದರೆ ಪ್ರಶ್ನೆ ಇದ್ದ ಜಾಗಕ್ಕೆ ಸರಳ ಬಹುಮತ ತಲುಪುವಂತಿರಲಿಲ್ಲ. ಇದು ವ್ಯವಸ್ಥೆಯ ಲೋಪವಲ್ಲ, ಉದ್ದೇಶಪೂರ್ವಕವಾಗಿ ಕಟ್ಟಿದ ಗೋಡೆ. ಶಾಲಾಮಕ್ಕಳಿಗೆ ಧ್ವಜವಂದನೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದು 1943ರ ಬಾರ್ನೆಟ್ ಪ್ರಕರಣದಲ್ಲಿ, ಮಹಾಯುದ್ಧದ ನಡುವೆಯೇ, ತೀರ್ಪು ಬರೆದ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಮೂಲಭೂತ ಹಕ್ಕುಗಳನ್ನು ಮತಕ್ಕೆ ಹಾಕುವಂತಿಲ್ಲ, ಅವು ಯಾವ ಚುನಾವಣೆಯ ಫಲಿತಾಂಶವನ್ನೂ ಅವಲಂಬಿಸಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಆ ಮಾತಿನ ಬೆಲೆ ನಮಗೂ ತಿಳಿದಿದೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟ ಕೇರಳದ ಮೂವರು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ 1986ರಲ್ಲಿ ಆದೇಶಿಸಿದಾಗ, ಭಾರತದ ಸುಪ್ರೀಂ ಕೋರ್ಟ್ ಇದೇ ಅಮೆರಿಕನ್ ತೀರ್ಪನ್ನು ಪರಿಶೀಲಿಸಿತ್ತು.

ಅಧಿಕಾರದ ಜಾಗವನ್ನು ಹುಡುಕುವಾಗ ಒಕ್ಕೂಟ ಮತ್ತು ರಾಜ್ಯಗಳ ನಡುವಿನ ಗೆರೆಯನ್ನು ಮರೆಯಬಾರದು. 1791ರಲ್ಲಿ ಜಾರಿಗೆ ಬಂದ ಮೊದಲ ಹತ್ತು ತಿದ್ದುಪಡಿಗಳು, ಅಂದರೆ ಬಿಲ್ ಆಫ್ ರೈಟ್ಸ್, ಆರಂಭದಲ್ಲಿ ಒಕ್ಕೂಟ ಸರ್ಕಾರದ ಕೈಯನ್ನು ಮಾತ್ರ ಕಟ್ಟಿದ್ದವು. 1833ರಲ್ಲಿ ನ್ಯಾಯಾಲಯ ಹಾಗೆಂದೇ ಹೇಳಿತು. ಅಂತರ್ಯುದ್ಧದ ನಂತರ, 1868ರಲ್ಲಿ ಬಂದ ಹದಿನಾಲ್ಕನೇ ತಿದ್ದುಪಡಿಯ ಬಲದಿಂದ, ಇಪ್ಪತ್ತನೇ ಶತಮಾನದುದ್ದಕ್ಕೂ ಒಂದೊಂದು ಪ್ರಕರಣದ ಮೂಲಕ ಆ ಹಕ್ಕುಗಳಲ್ಲಿ ಬಹುಪಾಲನ್ನು ರಾಜ್ಯ ಸರ್ಕಾರಗಳಿಗೂ ಅನ್ವಯಿಸಲಾಯಿತು. ಇವು ಸರ್ಕಾರದ ವಿರುದ್ಧದ ರಕ್ಷಣೆಗಳು. ಖಾಸಗಿ ಕಂಪನಿಯೊಂದು ನೌಕರನ ಮಾತಿಗಾಗಿ ಕ್ರಮ ಕೈಗೊಂಡರೆ ಅಲ್ಲಿ ಮೊದಲ ತಿದ್ದುಪಡಿ ನೆರವಿಗೆ ಬರುವುದಿಲ್ಲ. ಇನ್ನು ಕೆಲವು ಪ್ರಶ್ನೆಗಳು ರಾಜ್ಯಗಳಿಗೆ ಮರಳಿವೆ. 2022ರ ಜೂನ್‌ನಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ನ್ಯಾಯಾಲಯ ತೆಗೆದುಹಾಕಿದ ಬಳಿಕ, ಅದೇ ಆಗಸ್ಟ್‌ನಲ್ಲಿ ಕ್ಯಾನ್ಸಸ್ ರಾಜ್ಯದ ಮತದಾರರು ರಾಜ್ಯ ಸಂವಿಧಾನದಿಂದ ಆ ರಕ್ಷಣೆಯನ್ನು ಕೀಳುವ ತಿದ್ದುಪಡಿಯನ್ನು ಸುಮಾರು ಶೇ 59ರಷ್ಟು ಮತಗಳಿಂದ ತಿರಸ್ಕರಿಸಿದರು. ಒಕ್ಕೂಟದ ಮಟ್ಟದಲ್ಲಿ ಜನಮತಗಣನೆ ಎಂಬುದೇ ಇಲ್ಲ, ಹಲವು ರಾಜ್ಯಗಳಲ್ಲಿ ಇದೆ. ಆದ್ದರಿಂದ ಇಂಥ ವಿಷಯದಲ್ಲಿ ರಾಷ್ಟ್ರೀಯ ಸಮೀಕ್ಷೆಗಿಂತ ಆಯಾ ರಾಜ್ಯದ ಸಮೀಕ್ಷೆಯನ್ನು ಹುಡುಕಿ ಓದಿ.

ಇಷ್ಟಾದ ಮೇಲೆ ಅಂಕಿಗಳಿಗೆ ಬನ್ನಿ. ಯಾರನ್ನು ಕೇಳಲಾಗಿದೆ ಎಂಬುದು ಎಷ್ಟು ಮಂದಿಯನ್ನು ಕೇಳಲಾಗಿದೆ ಎಂಬುದಕ್ಕಿಂತ ಮುಖ್ಯ. 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ದೂರವಾಣಿ ಮತ್ತು ಮೋಟಾರು ವಾಹನಗಳ ಪಟ್ಟಿಗಳಿಂದ ವಿಳಾಸ ಆರಿಸಿದ್ದರಿಂದ ಆರ್ಥಿಕ ಕುಸಿತದಲ್ಲಿ ನಲುಗಿದ್ದ ಬಡವರು ಪಟ್ಟಿಯ ಹೊರಗುಳಿದಿದ್ದರು. ಅದಕ್ಕಿಂತಲೂ ಮಿಗಿಲಾಗಿ, ಉತ್ತರಿಸುವ ಉತ್ಸಾಹ ರೂಸ್‌ವೆಲ್ಟ್ ವಿರೋಧಿಗಳಲ್ಲೇ ಹೆಚ್ಚಾಗಿತ್ತು. ತೀರಾ ಚಿಕ್ಕ ಮಾದರಿಯನ್ನಿಟ್ಟುಕೊಂಡು ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಗುರುತಿಸಿದರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುವುದು ನಿಜ, ಆದರೆ ಪಾತ್ರೆಯನ್ನು ಚೆನ್ನಾಗಿ ಕಲಕಿದ್ದರೆ ಮಾತ್ರ.

ವರದಿಯಲ್ಲಿ ‘ವಯಸ್ಕರು’, ‘ನೋಂದಾಯಿತ ಮತದಾರರು’, ‘ಮತ ಹಾಕುವ ಸಾಧ್ಯತೆ ಇರುವವರು’ ಎಂಬ ಮೂರು ಪದಗಳಲ್ಲಿ ಯಾವುದಿದೆ ಎಂದು ನೋಡಿ. ಎಚ್–1ಬಿ ವೀಸಾದಲ್ಲಿರುವ ಕನ್ನಡಿಗ ಎಂಜಿನಿಯರ್ ಮೊದಲ ಗುಂಪಿನಲ್ಲಿ ಬರಬಹುದು, ಉಳಿದೆರಡರಲ್ಲಿ ಬರಲಾರ. ಸುಮಾರು 1,000 ಜನರ ಸರಿಯಾದ ಮಾದರಿಗೆ ದೋಷದ ಮಿತಿ ಮೂರು ಶೇಕಡಾಂಶ ಹೆಚ್ಚು ಅಥವಾ ಕಡಿಮೆ ಇರುತ್ತದೆ. ಒಬ್ಬರಿಗೆ 48, ಇನ್ನೊಬ್ಬರಿಗೆ 45 ಎಂದಿದ್ದರೆ ಮೊದಲಿನವರು ಮುಂದಿದ್ದಾರೆ ಎಂದು ಖಚಿತವಾಗಿ ಹೇಳಲಾಗದು, ಏಕೆಂದರೆ ಆ ಮಿತಿ ಇಬ್ಬರ ಅಂಕಿಗೂ ಬೇರೆಬೇರೆಯಾಗಿ ಅನ್ವಯಿಸುತ್ತದೆ. ಮಾದರಿಯೊಳಗಿನ ಸಣ್ಣ ಗುಂಪುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭಾರತೀಯ ಮೂಲದವರು ಅಲ್ಲಿನ ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ. ಸಾವಿರ ಜನರ ಸಮೀಕ್ಷೆಯಲ್ಲಿ ಅವರು ಹದಿನೈದಿಪ್ಪತ್ತು ಮಂದಿಯಷ್ಟೇ ಸಿಗುತ್ತಾರೆ. ಅಂಥ ಸಮೀಕ್ಷೆಯಿಂದ ‘ಭಾರತೀಯ ಅಮೆರಿಕನ್ನರ ಒಲವು’ ಎಂಬ ಶೀರ್ಷಿಕೆ ಹೊರಟಿದ್ದರೆ ಅದನ್ನು ನಂಬಬೇಡಿ; ಅವರಿಗೆಂದೇ ನಡೆಸಿದ ಸಮೀಕ್ಷೆಯಾದರೆ ಮಾತು ಬೇರೆ.

ಅಧ್ಯಕ್ಷೀಯ ಚುನಾವಣೆಯ ಸಮೀಕ್ಷೆಯಾದರೆ, ರಾಜ್ಯಗಳಿಗೆ ಹಂಚಿದ 538 ಮತಗಳ ಎಲೆಕ್ಟೋರಲ್ ಕಾಲೇಜಿನಲ್ಲಿ 270 ಪಡೆದವರು ಗೆಲ್ಲುತ್ತಾರೆ ಎಂಬುದನ್ನು ನೆನಪಿಡಿ. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ ಸುಮಾರು ಎರಡು ಶೇಕಡಾಂಶ ಹೆಚ್ಚು ಮತ ಪಡೆದೂ ಸೋತರು. ರಾಷ್ಟ್ರೀಯ ಸಮೀಕ್ಷೆಗಳು ಹೆಚ್ಚು ತಪ್ಪಿರಲಿಲ್ಲ. ವಿಸ್ಕಾನ್ಸಿನ್‌ನಂಥ ರಾಜ್ಯಗಳ ಸಮೀಕ್ಷೆಗಳು ತಪ್ಪಿದ್ದವು. ಕಾಲೇಜು ಓದಿದವರು ಸಮೀಕ್ಷೆಗೆ ಹೆಚ್ಚಾಗಿ ಉತ್ತರಿಸುತ್ತಾರೆ ಎಂಬುದನ್ನು ಹಲವು ರಾಜ್ಯ ಸಮೀಕ್ಷೆಗಳು ಸರಿದೂಗಿಸದೆ ಬಿಟ್ಟದ್ದು ಅದಕ್ಕೊಂದು ಕಾರಣ.

ಸ್ವಾತಂತ್ರ್ಯಗಳ ಕುರಿತ ಸಮೀಕ್ಷೆಗಳಲ್ಲಿ ಪ್ರಶ್ನೆಯ ಪದಗಳೇ ಉತ್ತರವನ್ನು ಬದಲಿಸಬಲ್ಲವು. ನನ್ನ ಪ್ರಕಾರ ಓದುಗರು ಅತಿ ಹೆಚ್ಚು ಎಡವುವುದು ಇಲ್ಲಿಯೇ. 1940ರ ಸುಮಾರಿಗೆ ನಡೆದ ಒಂದು ಪ್ರಯೋಗದಲ್ಲಿ, ಪ್ರಜಾಪ್ರಭುತ್ವದ ವಿರುದ್ಧದ ಸಾರ್ವಜನಿಕ ಭಾಷಣಗಳಿಗೆ ‘ಅವಕಾಶ ಕೊಡಬೇಕೇ’ ಎಂದು ಒಂದು ಗುಂಪನ್ನು ಕೇಳಿದಾಗ ಶೇ 62ರಷ್ಟು ಜನ ಕೊಡಬಾರದು ಎಂದರು. ಅವುಗಳನ್ನು ‘ನಿಷೇಧಿಸಬೇಕೇ’ ಎಂದು ಇನ್ನೊಂದು ಗುಂಪನ್ನು ಕೇಳಿದಾಗ ನಿಷೇಧಿಸಬೇಕು ಎಂದವರು ಶೇ 46 ಮಾತ್ರ. ಅರ್ಥ ಒಂದೇ ಆದರೂ ನಿಷೇಧ ಎಂಬ ಪದದ ಗಡಸುತನಕ್ಕೆ ಜನ ಹಿಂಜರಿದರು. ತತ್ವಕ್ಕೂ ಪ್ರಸಂಗಕ್ಕೂ ಇರುವ ಅಂತರ ಇದಕ್ಕಿಂತ ದೊಡ್ಡದು. ಅಲ್ಪಸಂಖ್ಯಾತರಿಗೆ ಬಹುಮತವನ್ನು ಟೀಕಿಸುವ ಸ್ವಾತಂತ್ರ್ಯ ಇರಬೇಕೇ ಎಂದರೆ ಬಹುತೇಕ ಎಲ್ಲರೂ ಹೌದೆನ್ನುತ್ತಾರೆ. ನಿಮ್ಮ ಊರಿನಲ್ಲಿ ಒಬ್ಬ ಕಮ್ಯುನಿಸ್ಟ್ ಅಥವಾ ನಾಸ್ತಿಕ ಭಾಷಣ ಮಾಡಬಹುದೇ ಎಂದು ಕೇಳಿದೊಡನೆ ಆ ಒಮ್ಮತ ಒಡೆಯುತ್ತದೆ ಎಂಬುದನ್ನು 1950ರ ದಶಕದ ಅಧ್ಯಯನಗಳೇ ತೋರಿಸಿದ್ದವು. ಹಾಗಾಗಿ ‘ಅಮೆರಿಕನ್ನರು ವಾಕ್ ಸ್ವಾತಂತ್ರ್ಯದ ಪರ’ ಎಂದು ಬರೆದಿದ್ದರೆ, ಯಾರ ಮಾತಿನ ಬಗ್ಗೆ, ಯಾವ ಸಂದರ್ಭದಲ್ಲಿ, ಯಾವ ಪದಗಳಲ್ಲಿ ಕೇಳಲಾಗಿತ್ತು ಎಂಬುದನ್ನು ಮೂಲ ಪ್ರಶ್ನಾವಳಿಯಲ್ಲೇ ನೋಡಿ. ಹೆಸರುವಾಸಿ ಸಂಸ್ಥೆಗಳು ಅದನ್ನು ವರದಿಯ ಕೊನೆಯಲ್ಲಿ ಕೊಡುತ್ತವೆ. ಕೊಡದ ಸಮೀಕ್ಷೆಯನ್ನು ನಾನು ಪಕ್ಕಕ್ಕಿಡುತ್ತೇನೆ.

ಕಡೆಯದಾಗಿ, ಒಂದೇ ದಿನದ ಅಂಕಿಯನ್ನು ಬಿಡಿಯಾಗಿ ಓದದೆ, ಅದೇ ಪ್ರಶ್ನೆಗೆ ಹಿಂದಿನ ದಶಕಗಳಲ್ಲಿ ಬಂದ ಉತ್ತರಗಳ ಸಾಲಿನಲ್ಲಿ ಇಟ್ಟು ನೋಡಿ. ಕರಿಯರು ಮತ್ತು ಬಿಳಿಯರ ನಡುವಿನ ವಿವಾಹವನ್ನು ಒಪ್ಪುವಿರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಒಪ್ಪಿದವರು ಶೇ 4. ಅಂಥ ವಿವಾಹಗಳ ಮೇಲಿನ ರಾಜ್ಯಗಳ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ತೊಡೆದುಹಾಕಿತು. ಮರುವರ್ಷ ಒಪ್ಪಿಗೆ ಇದ್ದದ್ದು ಶೇ 20 ಮಾತ್ರ. 2021ರಲ್ಲಿ ಅದು ಶೇ 94. 1967ರ ಆ ತೀರ್ಪಿಗೆ ಕಾರಣವಾದ ಪ್ರಕರಣದ, ವರ್ಜೀನಿಯಾದ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿ ತಮ್ಮ ರಾಜ್ಯದಲ್ಲಿ ಗಂಡಹೆಂಡಿರಾಗಿ ಬಾಳುವುದಕ್ಕೆ ಆ ಬಹುಮತ ಬರುವವರೆಗೆ ಕಾಯಬೇಕಾಗಿ ಬರಲಿಲ್ಲ.