ವರ್ಷದ ಹಕ್ಕಿ–ಪ್ರಾಣಿ ಲೆಕ್ಕ ಇಡುವುದು ಹೇಗೆ?

ಜನವರಿಯಲ್ಲಿ ಹುರುಪಿನಿಂದ ಶುರುವಾದ ಹಕ್ಕಿಪುಸ್ತಕದಲ್ಲಿ ಡಿಸೆಂಬರ್ ಹೊತ್ತಿಗೆ ಉಳಿದಿರುವುದು ಬಹುಪಾಲು ಬರೀ ಹೆಸರುಗಳ ಪಟ್ಟಿ. ಹೋದ ವರ್ಷ 110 ಪ್ರಭೇದ, ಈ ವರ್ಷ 92. ಹಕ್ಕಿಗಳು ಕಡಿಮೆಯಾದವೋ, ನೀವು ಹೊರಗೆ ಹೋದದ್ದು ಕಡಿಮೆಯೋ? ಆ ಪುಸ್ತಕ ಉತ್ತರ ಹೇಳಲಾರದು. ಕಂಡದ್ದರ ಜೊತೆಗೆ ಎಷ್ಟು ಹೊತ್ತು, ಎಷ್ಟು ದೂರ ನೋಡಿದಿರಿ ಎಂಬುದನ್ನೂ ಬರೆದಿಟ್ಟರೆ ಮಾತ್ರ ಅದು ಲೆಕ್ಕ.

ಸಾಮಾನು ಹೆಚ್ಚು ಬೇಡ. ಜೇಬಿಗೆ ಹಿಡಿಸುವ, ಹೊಲಿಗೆ ಹಾಕಿದ ಪುಸ್ತಕ ಮತ್ತು ಎಚ್‌ಬಿ ಪೆನ್ಸಿಲ್ ಸಾಕು. ಸ್ಪೈರಲ್ ಪುಸ್ತಕದ ಹಾಳೆ ಜೇಬಿನಲ್ಲೇ ಕಿತ್ತುಬರುತ್ತದೆ, ಜೆಲ್ ಪೆನ್ನಿನ ಶಾಯಿ ನಾಲ್ಕು ಹನಿ ಮಳೆಗೆ ಹರಡಿಹೋಗುತ್ತದೆ. ಬೈನಾಕ್ಯುಲರ್ 8x42 ಇರಲಿ, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವ, ಮುಂದಿನ ಮಸೂರ 42 ಮಿ.ಮೀ. ಅಗಲವಿರುವಂಥದು. ‘ಝೂಮ್’ ಎಂದು ಮಾರುವವನ್ನು ಮುಟ್ಟಲೇಬೇಡಿ. ದೊಡ್ಡದು ಮಾಡಿದಷ್ಟೂ ನೋಟ ಮಂಕಾಗುತ್ತದೆ, ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಕೆಂಪಗೆ ಹೊಳೆಯುವ ಮಸೂರದವು ಇನ್ನೂ ಕೆಟ್ಟವು. ಕೆಂಪು ಬೆಳಕನ್ನು ಒಳಗೆ ಬಿಡದೆ ಹಕ್ಕಿಯ ಬಣ್ಣವನ್ನೇ ಕೆಡಿಸಿ ತೋರಿಸುತ್ತವೆ.

ಮೊದಲ ಪುಟದಲ್ಲಿ ನಿಮ್ಮ ನಿಯಮಗಳನ್ನು ಬರೆಯಿರಿ. ಜೀವಂತವಾಗಿರಬೇಕು, ಸ್ವತಂತ್ರವಾಗಿರಬೇಕು, ಸಾಕಿದ್ದಾಗಿರಬಾರದು. ಪಂಜರದಿಂದ ತಪ್ಪಿಸಿಕೊಂಡ ಲವ್‌ಬರ್ಡ್ ಲೆಕ್ಕಕ್ಕಿಲ್ಲ. ದನಿ ಮಾತ್ರ ಕೇಳಿದ್ದರೆ, ಅನುಮಾನವಿಲ್ಲದಿದ್ದಾಗ ಸೇರಿಸಿ ಪಕ್ಕದಲ್ಲಿ ‘ಕೇ’ ಎಂದು ಹಾಕಿ. ಇಲ್ಲವಾದರೆ ಗೂಬೆ, ನತ್ತಿಂಗದಂಥ ಇರುಳು ಹಕ್ಕಿಗಳು ಪಟ್ಟಿಗೆ ಬರುವುದೇ ಕಷ್ಟ. ದನಿ ಗುರುತಿಸುವ ಮರ್ಲಿನ್ ಆ್ಯಪ್ ಕೊಡುವುದು ಸುಳಿವು ಮಾತ್ರ. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವಂಥದು, ಆದ್ದರಿಂದ ಕಿವಿಯೋ ಕಣ್ಣೋ ಒಪ್ಪುವ ತನಕ ಬರೆಯಬೇಡಿ. ಪ್ರಾಣಿಗಳ ಹೆಜ್ಜೆ, ಲದ್ದಿ, ಮರದ ಮೇಲಿನ ಗೀರುಗಳಿಗೆ ‘ಗು’ ಎಂಬ ಬೇರೆಯೇ ಕಾಲಂ ಇರಲಿ, ಕಂಡ ಪ್ರಾಣಿಗಳೊಂದಿಗೆ ಕೂಡಬೇಡಿ. ಹಕ್ಕಿಯನ್ನು ಕರೆಯಲು ಅದರ ದನಿಯ ರೆಕಾರ್ಡ್ ಹಾಕುವುದು ಬೇಡವೇ ಬೇಡ. ಮರಿ ಸಾಕುವ ಹೊತ್ತಿನಲ್ಲಿ ಅದನ್ನು ಗೂಡಿನಿಂದ ಎಬ್ಬಿಸಿದಂತಾಗುತ್ತದೆ.

ಹೊರಟಾಗ ಮೊದಲ ಸಾಲು ಹೀಗಿರಲಿ: ದಿನಾಂಕ, ಶುರುವಾದ ಸಮಯ, ಜಾಗ, ಜೊತೆಗೆ ಎಷ್ಟು ಜನ, ಮೋಡವೋ ಬಿಸಿಲೋ. ಮುಗಿದಾಗ ಎಷ್ಟು ನಿಮಿಷ, ಎಷ್ಟು ಕಿಲೋಮೀಟರ್ ಎಂದು ಸೇರಿಸಿ. ದಿನಾಂಕವನ್ನು 2025-03-07 ಎಂದೇ ಬರೆಯಿರಿ. 7/3 ಎಂದರೆ ಕಂಪ್ಯೂಟರ್ ಅದನ್ನು ಜುಲೈ ಮೂರು ಮಾಡಿಬಿಡಬಹುದು.

ಜನ ಎಡವುವುದು ಎಣಿಕೆಯಲ್ಲಿ. ‘ಬಹಳ’, ‘ಒಂದಷ್ಟು’ ಎಂದು ಬರೆದದ್ದು ಆರು ತಿಂಗಳ ಮೇಲೆ ನಿಮಗೇ ಅರ್ಥವಾಗದು. ಸಣ್ಣ ಗುಂಪನ್ನು ಒಂದೊಂದಾಗಿ ಎಣಿಸಿ. ದೊಡ್ಡ ಗುಂಪಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಲ್ಲಿ ಅಳೆದು, ಅಂಥ ತುಂಡುಗಳು ಎಷ್ಟಿವೆ ನೋಡಿ. ನೂರಾರು ಇದ್ದರೆ ಐವತ್ತರ ತುಂಡು ಮಾಡಿ. ಗುಂಪಿನ ನಡು ಒತ್ತೊತ್ತಾಗಿಯೂ ಅಂಚು ವಿರಳವಾಗಿಯೂ ಇರುವುದರಿಂದ ಅಂಚಿನ ತುಂಡನ್ನೇ ಅಳತೆಗೋಲು ಮಾಡಿಕೊಂಡರೆ ಲೆಕ್ಕ ಕಡಿಮೆ ಬರುತ್ತದೆ. ತಲೆಯ ಮೇಲೆ ಸುತ್ತುತ್ತಲೇ ಇರುವ ಬಾನಾಡಿಗಳನ್ನು ಬಂದಾಗಲೆಲ್ಲ ಕೂಡುತ್ತ ಹೋದರೆ ಎಂಟು ಹಕ್ಕಿ ಎಂಬತ್ತಾಗುತ್ತವೆ. ಒಮ್ಮೆಗೇ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಿರಿ. ಹೋದ ದಾರಿಯಲ್ಲೇ ಮರಳುವುದಾದರೆ ಹೋಗುವಾಗ ಮಾತ್ರ ಎಣಿಸಿ, ಬರುವಾಗ ಹೊಸ ಪ್ರಭೇದ ಕಂಡರೆ ಸೇರಿಸಿ. ಇದೆಲ್ಲ ಅಲ್ಲೇ, ನಿಂತಲ್ಲೇ ಆಗಬೇಕು. ಮನೆಗೆ ಬಂದು ನೆನಪಿಸಿಕೊಂಡರೆ ಅಪರೂಪದವು ನೆನಪಿರುತ್ತವೆ, ಕಾಗೆ, ಮೈನಾ, ಅಳಿಲು ಬಿಟ್ಟುಹೋಗುತ್ತವೆ.

ಆ ಸಾಮಾನ್ಯ ಹಕ್ಕಿಗಳೇ ಈ ಪುಸ್ತಕದ ಜೀವ. ಗುರುತಿಸಿದ ಪ್ರತಿಯೊಂದನ್ನೂ ಬರೆದ ದಿನ ‘ಪೂರ್ಣ’ ಎಂದು ಗುರುತು ಹಾಕಿ. ಪೂರ್ಣ ಪಟ್ಟಿಯಲ್ಲಿ ಗುಬ್ಬಿ ಇಲ್ಲವೆಂದರೆ ಅಂದು ಅದು ನಿಮ್ಮ ಕಣ್ಣಿಗಾಗಲಿ ಕಿವಿಗಾಗಲಿ ಬೀಳಲಿಲ್ಲ ಎಂದೇ ಅರ್ಥ. ಅರೆಬರೆ ಪಟ್ಟಿಯಲ್ಲಿ ಇಲ್ಲವೆಂದರೆ ಏನೂ ಅರ್ಥವಿಲ್ಲ.

ಹೆಸರಿನಲ್ಲೂ ಎಚ್ಚರ ಬೇಕು. ಕೊಕ್ಕರೆ ಎಂದು ಜನ ಬೆಳ್ಳಕ್ಕಿಯನ್ನೂ ಕರೆಯುತ್ತಾರೆ, ಬಾಯ್ಕಳಕವನ್ನೂ ಕರೆಯುತ್ತಾರೆ. ಹದ್ದು ಎಂದು ಮಾತ್ರ ಬರೆದರೆ ಅದು ಮಿಲ್ವಸ್ ಮೈಗ್ರಾನ್ಸ್ ಎಂಬ ಕಂದು ಹದ್ದೋ, ಹ್ಯಾಲಿಯಾಸ್ಟರ್ ಇಂಡಸ್ ಎಂಬ ಗರುಡವೋ ತಿಳಿಯದು. ವೈಜ್ಞಾನಿಕ ಹೆಸರಿಗೊಂದು ಕಾಲಂ ಇಡಿ. ಗುರುತು ಹತ್ತದ ಹಕ್ಕಿಗೆ, ಹಕ್ಕಿ ಗುರುತಿಸುವ ಚಿತ್ರಪುಸ್ತಕ ತೆರೆಯುವ ಮೊದಲೇ ನಾಲ್ಕು ಮಾತು ಬರೆದುಕೊಳ್ಳಿ: ಗುಬ್ಬಿ, ಮೈನಾ, ಕಾಗೆ ಇವುಗಳಲ್ಲಿ ಯಾವುದರ ಗಾತ್ರ, ಕೊಕ್ಕು, ಬಾಲ, ಏನು ಮಾಡುತ್ತಿತ್ತು. ಚಿತ್ರ ನೋಡಿದ ಮೇಲೆ ಬರೆದರೆ ನೆನಪು ಚಿತ್ರದಂತೆಯೇ ತಿದ್ದಿಕೊಳ್ಳುತ್ತದೆ. ಆಮೇಲೂ ತಿಳಿಯದಿದ್ದರೆ ‘ಯಾವುದೋ ಉಲಿಯಕ್ಕಿ’ ಎಂದು ಬಿಡಿ.

ವಾರಕ್ಕೊಮ್ಮೆ ಎಲ್ಲವನ್ನೂ ಸ್ಪ್ರೆಡ್‌ಶೀಟಿಗೋ ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೋ ಏರಿಸಿ. ಗೂಬೆ ಕೂರುವ ಪೊಟರೆ, ಗೂಡುಗಳ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ.

ವರ್ಷದ ಕೊನೆಗೆ ಭೇಟಿಗಳ ಸಂಖ್ಯೆಗಳನ್ನು ಕೂಡಿಬಿಡುವವರು ಬಹಳ. ಒಂದೇ ಮರದ ನಾಲ್ಕು ಗಿಳಿಗಳನ್ನು ಹನ್ನೆರಡು ಸಲ ನೋಡಿದರೆ ನಲವತ್ತೆಂಟು ಗಿಳಿ ಆಗುವುದಿಲ್ಲ. ಕೂಡಬೇಡಿ, ಎಷ್ಟು ಪೂರ್ಣ ಪಟ್ಟಿಗಳಲ್ಲಿ ಆ ಹಕ್ಕಿ ಇದೆ ಎಂದು ನೋಡಿ. 40ರಲ್ಲಿ 10 ಸಲ ಕಂಡಿದ್ದರೆ ಶೇ 25. ಪ್ರತಿ ಭೇಟಿಯ ಹೊತ್ತು, ಜಾಗ, ಋತು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಈ ಅಂಕಿಯನ್ನು ಮುಂದಿನ ವರ್ಷದ್ದರ ಪಕ್ಕದಲ್ಲಿಟ್ಟು ಹೋಲಿಸಬಹುದು. ವಲಸೆ ಹಕ್ಕಿಗಳಿಗೆ ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಎರಡನ್ನೂ ತೆಗೆದಿಡಿ.

ಹೆಸರುಗಳು ಬದಲಾಗುತ್ತವೆ. 2024ರಲ್ಲಿ ಇ-ಬರ್ಡ್ ಗೋವಕ್ಕಿಯನ್ನು ಪೂರ್ವ, ಪಶ್ಚಿಮ ಎಂದು ಎರಡು ಪ್ರಭೇದ ಮಾಡಿತು. ಜಾಗ ಬರೆದಿಟ್ಟವರಿಗೆ ತಮ್ಮದು ಯಾವುದೆಂದು ಹೇಳುವುದು ಸುಲಭವಾಯಿತು. ಇಂಥ ಬದಲಾವಣೆ ಬಂದಾಗ ಹಳೆಯ ಹೆಸರನ್ನು ಅಳಿಸಬೇಡಿ, ಪಕ್ಕದ ಕಾಲಂನಲ್ಲಿ ಹೊಸ ಹೆಸರನ್ನೂ ತಿದ್ದಿದ ದಿನಾಂಕವನ್ನೂ ಬರೆಯಿರಿ.