ನಿಮ್ಮ ರಕ್ತನಾಳಗಳನ್ನು ನಿಮ್ಮ ಕೈಯಲ್ಲೇ ನೋಡಿ ತಿಳಿಯುವುದು ಹೇಗೆ?

ಶಾಲೆಯಲ್ಲಿ ನಾವೆಲ್ಲರೂ ಆ ಚಿತ್ರ ಬಿಡಿಸಿದ್ದೇವೆ. ನಡುವೆ ಹೃದಯ, ಒಂದು ಕಡೆ ಕೆಂಪು ಗೆರೆ, ಇನ್ನೊಂದು ಕಡೆ ನೀಲಿ ಗೆರೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಅಪಧಮನಿ, ಅಭಿಧಮನಿ, ಅವೆರಡನ್ನೂ ಜೋಡಿಸುವ ಅತಿ ಸಣ್ಣ ಲೋಮನಾಳ ಇವು ಒಂದಕ್ಕಿಂತ ಒಂದು ಯಾಕೆ ಬೇರೆ ಅನ್ನುವುದು ಆ ಚಿತ್ರದಿಂದ ಗೊತ್ತಾಗುವುದಿಲ್ಲ. ನಮ್ಮ ಕೈಯನ್ನೇ ನೋಡಿದರೆ ಗೊತ್ತಾಗುತ್ತದೆ. ಇದಕ್ಕೆ ಸೆಕೆಂಡ್ ಮುಳ್ಳಿರುವ ಗಡಿಯಾರ, ತೆಳುವಾದ ಟವೆಲ್, ಒಳ್ಳೆಯ ಬೆಳಕು ಸಾಕು. ಕೊನೆಯ ಹಂತಕ್ಕೆ ಮಾತ್ರ ಬಿಪಿ ಮಿಷನ್ ಬೇಕು.

ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಶುರು ಮಾಡಿ. ನಾಳದ ಮೇಲೆ ಎಷ್ಟು ಒತ್ತಡ ಬೀಳುತ್ತದೋ ಅದಕ್ಕೆ ತಕ್ಕಂತೆ ಅದರ ಗೋಡೆ ಇರುತ್ತದೆ.

ಹಂತ 1: ನಾಡಿ ಹಿಡಿಯಿರಿ

ಐದು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೂಳೆಯ ಪಕ್ಕದಲ್ಲಿ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳಲ್ಲಿ ಹಿಡಿಯಬೇಡಿ. ಅದರಲ್ಲೇ ಒಂದು ಮಿಡಿತ ಇರುವುದರಿಂದ ಲೆಕ್ಕ ತಪ್ಪುತ್ತದೆ. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಬಂದರೆ ಸರಿ.

ಬೆರಳಿಗೆ ಸಿಕ್ಕಿದ್ದು ಅಪಧಮನಿ. ಹೃದಯದಿಂದ ಹೊರಟ ರಕ್ತವನ್ನು ಒಯ್ಯುವ ನಾಳ. 'ಶುದ್ಧ ರಕ್ತ ಒಯ್ಯುವುದು ಅಪಧಮನಿ' ಎಂದು ಬಾಯಿಪಾಠ ಮಾಡಿದವರು ಅದನ್ನು ಬಿಟ್ಟುಬಿಡಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಇರುವುದು ಆಮ್ಲಜನಕ ಕಡಿಮೆ ಇರುವ ರಕ್ತವೇ. ಹೃದಯದಿಂದ ಹೊರಗೆ ಹೋದರೆ ಅಪಧಮನಿ, ಹೃದಯಕ್ಕೆ ವಾಪಸ್ ಬಂದರೆ ಅಭಿಧಮನಿ. ಇಷ್ಟೇ.

ಈಗ ಬೆರಳನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿ. ನಾಳ ಸುಲಭಕ್ಕೆ ಬಗ್ಗುವುದಿಲ್ಲ, ಕೆಳಗಿನಿಂದ ತಳ್ಳುತ್ತಲೇ ಇರುತ್ತದೆ. ಅದರ ಗೋಡೆಯಲ್ಲಿ ಮೂರು ಪದರಗಳಿವೆ. ಹೊರಗಿನದು ಗಟ್ಟಿ ನಾರು. ನಡುವಿನದು ಸ್ನಾಯು ಮತ್ತು ಹಿಗ್ಗಿ ಕುಗ್ಗುವ ಎಳೆಗಳು. ಅಪಧಮನಿಯಲ್ಲಿ ದಪ್ಪವಾಗಿರುವುದು ಇದೇ ಪದರ. ಹೃದಯದಿಂದ ನೇರವಾಗಿ ಹೊರಡುವ ಮಹಾಪಧಮನಿ ಸುಮಾರು 2.5 ಸೆಂ.ಮೀ. ಅಗಲ ಇರುತ್ತದೆ. ಪ್ರತಿ ಬಡಿತಕ್ಕೂ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಆ ಕುಗ್ಗುವಿಕೆಯ ಬಲದಿಂದಲೇ ಎರಡು ಬಡಿತಗಳ ನಡುವೆಯೂ ರಕ್ತ ಮುಂದಕ್ಕೆ ಹೋಗುತ್ತಿರುತ್ತದೆ. ದೊಡ್ಡ ನಾಳಗಳ ಗೋಡೆ ಎಷ್ಟು ದಪ್ಪ ಅಂದರೆ, ಆ ಗೋಡೆಯನ್ನು ಸಾಕುವುದಕ್ಕೇ ಬೇರೆ ಸಣ್ಣ ರಕ್ತನಾಳಗಳಿವೆ!

ಒಳಗಿನ ಪದರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ರಕ್ತಕ್ಕೆ ತಾಗುವ ಆ ಹೊದಿಕೆ ಒಂದೇ ಸಾಲು ಜೀವಕೋಶ. ತೆಳು ಅಂತ ಸುಮ್ಮನೆ ಕೂತಿಲ್ಲ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದರಿಂದ ಪಕ್ಕದ ಸ್ನಾಯು ಸಡಿಲವಾಗಿ ನಾಳ ಅಗಲವಾಗುತ್ತದೆ. ಈ ಸಂಗತಿ ಕಂಡುಹಿಡಿದದ್ದಕ್ಕೆ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ಬೀಡಿ, ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮೊದಲು ಕೆಡಿಸುವುದು ಈ ಹೊದಿಕೆಯನ್ನೇ. ಕೆಟ್ಟ ಜಾಗದಲ್ಲಿ ಕೊಬ್ಬು ಒಳಗೆ ಸೇರಿ ಗೋಡೆ ದಪ್ಪವಾಗುತ್ತಾ ಹೋಗುತ್ತದೆ. ನೋವಿಲ್ಲ, ಸದ್ದಿಲ್ಲ. ಭಯ ಪಡಬೇಕಾದ್ದು ಅದಕ್ಕೇ.

ಹಂತ 2: ಟವೆಲ್ ಕಟ್ಟಿ ಕವಾಟ ಹುಡುಕಿ

ನನಗೆ ತುಂಬಾ ಇಷ್ಟವಾದ ಹಂತ ಇದು. ಆದರೆ ಡಯಾಲಿಸಿಸ್‌ಗಾಗಿ ಕೈಯಲ್ಲಿ ನಾಳ ಜೋಡಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕೈ ಊತ ಇರುವವರು ಮಾಡುವುದು ಬೇಡ.

ಟವೆಲನ್ನು ಮೊಣಕೈಗಿಂತ ಮೇಲೆ ಸುತ್ತಿ ಯಾರಾದರೂ ಹದವಾಗಿ ಬಿಗಿಯಲಿ. ಕೈ ಕೆಳಗೆ ಇಳಿಬಿಟ್ಟು, ಮುಷ್ಟಿ ಕಟ್ಟಿ ಬಿಡಿ. ಮುಂಗೈಯಲ್ಲಿ ನೀಲಿ ನಾಳಗಳು ಉಬ್ಬುತ್ತವೆ. ಈಗ ನಾಡಿ ನೋಡಿ. ಅದು ಮಿಡಿಯುತ್ತಲೇ ಇರಬೇಕು, ಇಲ್ಲದಿದ್ದರೆ ಬಿಗಿ ಜಾಸ್ತಿಯಾಗಿದೆ ಎಂದರ್ಥ. ಒಂದೇ ಟವೆಲ್ ಅಭಿಧಮನಿಯನ್ನು ಮುಚ್ಚಿತು, ಅಪಧಮನಿಯನ್ನು ಮುಚ್ಚಲು ಆಗಲಿಲ್ಲ. ಒಂದರ ಗೋಡೆ ತೆಳು, ಒಳಗೆ ಒತ್ತಡ ಕಡಿಮೆ. ಇನ್ನೊಂದರ ಗೋಡೆ ದಪ್ಪ, ಒಳಗೆ ಒತ್ತಡ ಜಾಸ್ತಿ.

ಉಬ್ಬಿದ ನಾಳದ ಉದ್ದಕ್ಕೂ ನೋಡಿ. ಅಲ್ಲಲ್ಲಿ ಸಣ್ಣ ಗಂಟು ಕಾಣುತ್ತದೆ. ಅಲ್ಲಿ ಕವಾಟ, ಅಂದರೆ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು ಇದೆ. ಒಂದು ಗಂಟಿನ ಕೆಳಗೆ, ಅಂದರೆ ಮಣಿಕಟ್ಟಿನ ಕಡೆಗೆ, ನಾಳವನ್ನು ಒಂದು ಬೆರಳಲ್ಲಿ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿಂದ ಅಲ್ಲಿರುವ ರಕ್ತವನ್ನು ಮೇಲಕ್ಕೆ, ಗಂಟು ದಾಟುವ ತನಕ ನೀವಿ ಆ ಬೆರಳು ತೆಗೆಯಿರಿ. ಗಂಟಿನ ಮೇಲೆ ರಕ್ತ ತುಂಬಿಯೇ ಇದೆ, ಕೆಳಗಿನ ಭಾಗ ಖಾಲಿ. ವಾಪಸ್ ಬರುತ್ತಿಲ್ಲ ಅಲ್ವಾ? ಈಗ ಕೆಳಗಿನ ಬೆರಳು ಎತ್ತಿ. ತಕ್ಷಣ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಕವಾಟ ಅಂಗಿಯ ಜೇಬಿನ ಹಾಗೆ ಮೇಲ್ಮುಖವಾಗಿ ತೆರೆದಿರುತ್ತದೆ. ರಕ್ತ ಕೆಳಗೆ ಜಾರಲು ಹೋದರೆ ಜೇಬು ತುಂಬಿ ದಾರಿ ಮುಚ್ಚುತ್ತದೆ. ಒಂದು ನಿಮಿಷದೊಳಗೆ ಟವೆಲ್ ಬಿಚ್ಚಿ.

ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವಿ 1628ರಲ್ಲಿ ಜಗತ್ತಿಗೆ ತೋರಿಸಿದ್ದು ಇದನ್ನೇ. ಈ ಕವಾಟಗಳನ್ನು ವಿವರವಾಗಿ ಬರೆದಿಟ್ಟವರು ಇಟಲಿಯ ಪಡುವಾದಲ್ಲಿ ಅವರಿಗೆ ಪಾಠ ಹೇಳಿದ ಫ್ಯಾಬ್ರಿಶಿಯಸ್. ಆದರೆ ರಕ್ತ ಕೈಕಾಲುಗಳಿಗೆ ಜಾಸ್ತಿ ನುಗ್ಗದಂತೆ ತಡೆಯಲು ಅವು ಇವೆ ಎಂದು ಗುರುಗಳು ತಿಳಿದಿದ್ದರು. ರಕ್ತ ಹೃದಯದ ಕಡೆಗೇ ಹೋಗಬೇಕು, ಅಂದರೆ ಅದು ಸುತ್ತುತ್ತಿದೆ ಎಂದು ಹೇಳಿದ್ದು ಶಿಷ್ಯ. ಯಂತ್ರ ಇಲ್ಲ, ಸೂಜಿ ಇಲ್ಲ, ಬೆರಳು ಮತ್ತು ಪಟ್ಟಿ ಅಷ್ಟೇ!

ಹಂತ 3: ಕೈ ಎತ್ತಿ

ಕೈ ಇಳಿಬಿಟ್ಟಾಗ ಅಂಗೈಯ ಹಿಂಭಾಗದ ನಾಳಗಳು ತುಂಬಿರುತ್ತವೆ. ನಿಧಾನಕ್ಕೆ ತಲೆಯ ಮೇಲಕ್ಕೆ ಎತ್ತಿ. ಹೃದಯದ ಮಟ್ಟ ದಾಟುತ್ತಿದ್ದಂತೆ ಅವು ಚಪ್ಪಟೆಯಾಗುತ್ತವೆ. ಒಳಗಿನ ಒತ್ತಡ ಅಷ್ಟು ಕಡಿಮೆ. ಗೋಡೆ ತೆಳುವಾದ್ದರಿಂದ ಹಿಗ್ಗಲು ಜಾಗವೂ ಜಾಸ್ತಿ. ನಾವು ಸುಮ್ಮನಿರುವಾಗ ದೇಹದ ಅರ್ಧಕ್ಕಿಂತ ಹೆಚ್ಚು ರಕ್ತ ಅಭಿಧಮನಿಗಳಲ್ಲೇ ಇರುತ್ತದೆ. ಅಂದಹಾಗೆ ಒಳಗಿನ ರಕ್ತ ನೀಲಿಯಲ್ಲ, ಗಾಢ ಕೆಂಪು. ಬೆಳಕು ಚರ್ಮ ಹೊಕ್ಕು ಹೊರಬರುವ ರೀತಿಯಿಂದ ನಮಗೆ ನೀಲಿ ಕಾಣುತ್ತದೆ.

ಹಂತ 4: ಉಗುರು ಒತ್ತಿ ಬಿಡಿ

ಉಗುರನ್ನು ಐದು ಸೆಕೆಂಡ್ ಒತ್ತಿ ಬಿಟ್ಟರೆ ಬಿಳಿಚಿಕೊಂಡಿದ್ದು ಮತ್ತೆ ಕೆಂಪಾಗುತ್ತದೆ. ಸಾಮಾನ್ಯವಾಗಿ ಎರಡು ಸೆಕೆಂಡಿನೊಳಗೆ. ಚಳಿಯಲ್ಲಿ ತಡವಾಗಬಹುದು. ನೀವು ನೋಡಿದ್ದು ಲೋಮನಾಳಗಳಿಗೆ ರಕ್ತ ವಾಪಸ್ ಬಂದದ್ದನ್ನು. ಇವುಗಳಲ್ಲಿ ಸ್ನಾಯುವಿನ ಪದರ ಇಲ್ಲ, ಇರುವುದು ಆ ಒಂದು ಸಾಲು ಜೀವಕೋಶವೇ. ಅಗಲ 5ರಿಂದ 10 ಮೈಕ್ರೊಮೀಟರ್ (ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೊಮೀಟರ್). ಎಷ್ಟೋ ಕಡೆ ಕೆಂಪು ರಕ್ತಕಣ ಮಡಚಿಕೊಂಡು, ಒಂದರ ಹಿಂದೆ ಒಂದು ನುಸುಳಬೇಕು. ಗೋಡೆ ತೆಳುವಾಗಿರುವುದರಿಂದಲೇ ಆಮ್ಲಜನಕ ಮತ್ತು ಆಹಾರ ಹೊರಗೆ ದಾಟುತ್ತವೆ, ಕಶ್ಮಲ ಒಳಗೆ ಬರುತ್ತದೆ. ಉಳಿದ ನಾಳಗಳೆಲ್ಲ ಇರುವುದು ಇಲ್ಲಿಗೆ ರಕ್ತ ಮುಟ್ಟಿಸಿ ವಾಪಸ್ ಒಯ್ಯಲು. ಹಾರ್ವಿಗೆ ಇವು ಕಂಡಿರಲಿಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಿಕ್ಕವು.

ಹಂತ 5: ಹಿಮ್ಮಡಿ ಎತ್ತಿ ಇಳಿಸಿ

ನಿಂತುಕೊಂಡು ಹಿಮ್ಮಡಿ ಎತ್ತಿ ಇಳಿಸಿ, ಮೀನಖಂಡ ಗಟ್ಟಿಯಾಗುವುದನ್ನು ಮುಟ್ಟಿ ನೋಡಿ. ಪಾದದಿಂದ ರಕ್ತ ಮೇಲೇರುವುದು ಹೀಗೆ ಸ್ನಾಯು ಹಿಂಡುವುದರಿಂದ. ಅಂಗಡಿಯಲ್ಲಿ, ತರಗತಿಯಲ್ಲಿ, ಅಡುಗೆಮನೆಯಲ್ಲಿ ದಿನವಿಡೀ ನಿಲ್ಲುವವರು ನಡುನಡುವೆ ಇದನ್ನು ಮಾಡಲೇಬೇಕು. ಕವಾಟ ಸೋತರೆ ರಕ್ತ ಕೆಳಗೇ ನಿಂತು ನಾಳ ಸುರುಳಿಯಾಗಿ ಉಬ್ಬುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಡಾಕ್ಟರಿಗೆ ತೋರಿಸಿ.

ಹಂತ 6: ಬಿಪಿ ಸರಿಯಾಗಿ ನೋಡಿ

ಅರ್ಧ ಗಂಟೆ ಮೊದಲಿಂದ ಕಾಫಿ, ಟೀ, ಸಿಗರೇಟು ಬೇಡ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಇಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಕೂರಿ. ಪಟ್ಟಿ ಬರಿಯ ತೋಳಿನ ಮೇಲೆ, ಹೃದಯದ ಮಟ್ಟದಲ್ಲಿರಲಿ. ಅಳೆಯುವಾಗ ಮಾತು ಬೇಡ. ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಮೇಲಿನ ಸಂಖ್ಯೆ ಹೃದಯ ಹಿಂಡಿದಾಗ ಅಪಧಮನಿಯ ಗೋಡೆಯ ಮೇಲೆ ಬೀಳುವ ಒತ್ತಡ, ಕೆಳಗಿನದು ಬಡಿತಗಳ ನಡುವಿನದು. ಮನೆಯಲ್ಲಿ ಕೆಲವು ದಿನ ನೋಡಿದಾಗ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಮಾತ್ರೆಯನ್ನು ನಾವಾಗಿಯೇ ಶುರು ಮಾಡುವುದೂ ಬೇಡ, ಬಿಪಿ ಇಳಿಯಿತು ಅಂತ ನಾವಾಗಿಯೇ ಬಿಡುವುದೂ ಬೇಡ.