ಬಲೆಯ ಹೊತ್ತು ನೋಡಿ ಹರಗೋಲು ಬಿಟ್ಟದ್ದು

"ಬುಟ್ಟ್ಯಾಗ ಕುಂದ್ರಾಕ ಹುಬ್ಬಳ್ಳಿಯಿಂದ ಯಾರ್ ಬರ್ತಾರ್ರೀ?" ಅಂತ ನಕ್ಕವರೇ ಈಗ ಭಾನುವಾರಕ್ಕೆ ಜಾಗ ಐತೇನು ಅಂತ ಶನಿವಾರ ಫೋನ್ ಮಾಡುತ್ತಾರೆ. ಹಾವೇರಿ ಜಿಲ್ಲೆಯ ಗುತ್ತಲ ಕಡೆಯ ತುಂಗಭದ್ರೆ ದಂಡೆಯಲ್ಲಿ, ಹರಗೋಲು ಅನ್ನುವ ಬುಟ್ಟಿಯಂಥ ದುಂಡು ದೋಣಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ನಮ್ಮ ಕೆಲಸಕ್ಕೆ ಇದು ಮೂರನೇ ಹಂಗಾಮು. ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ನೋಡಿದವರು ಹೊಳೆಗೂ ಇಳಿಯುತ್ತಾರೆ. ಅಂಬಿಗರ ಚೌಡಯ್ಯನ ಊರಿನ ಸೀಮೆಯಲ್ಲಿ ಅವರನ್ನು ಮೋಟಾರಿಗಿಂತ ಹುಟ್ಟು ಹಾಕುವವರೇ ಕರೆದೊಯ್ಯಬೇಕು ಅನ್ನುವುದು ಲೆಕ್ಕ.

ಆದರೆ ಶುರು ಮಾಡಿದ್ದು ಮೋಟಾರಿನಿಂದಲೇ. ಹಳೆಯ ಫೈಬರ್ ದೋಣಿ, ಹಿಂದೆ ಎಂಜಿನ್. ಹೊಳೆಯಲ್ಲಿ ಮೀನಿಗೆ ಬಿಟ್ಟ ಬಲೆಯ ಮೇಲಿನ ಹಗ್ಗ ನೀರಿನಿಂದ ಗೇಣು ಕೆಳಗಿರುತ್ತದೆ. ತೇಲುವುದಕ್ಕೆ ಕಟ್ಟುವುದು ಹವಾಯಿ ಚಪ್ಪಲಿಯ ತುಂಡು, ಅದು ವೇಗದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಎರಡು ತಿಂಗಳಲ್ಲಿ ಐದೋ ಆರೋ ಬಲೆ ಫ್ಯಾನಿಗೆ ಸುತ್ತಿಕೊಂಡವು. ಬಲೆಯ ದುಡ್ಡು, ಡೀಸೆಲ್, ಎಂಜಿನ್ ರಿಪೇರಿ ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು ಹೊಳೆಗೆ ಹೋಯಿತು. ಎಂಜಿನ್ ಮಾರಿದೆವು.

ಹರಗೋಲಿಗೆ ಆ ತಂಟೆ ಇಲ್ಲ. ಎಂಟು ಅಡಿ ಅಗಲದ್ದು ಅಂಬಿಗನೂ ಸೇರಿ ಐದು ಜನ ಕೂತರೂ ಅರ್ಧ ಅಡಿಯಷ್ಟೇ ಮುಳುಗುತ್ತದೆ, ಬಲೆಯ ಮೇಲೆಯೇ ಜಾರಿ ಹೋಗುತ್ತದೆ. ಹಾಗಂತ ಯಾವ ಹೊತ್ತಿಗಾದರೂ ಬಿಡುವಂತಿಲ್ಲ. ಇಲ್ಲಿ ಬಲೆ ಬಿಡುವುದು ಸಂಜೆ ಐದೂವರೆ ಮೇಲೆ, ಎತ್ತುವುದು ನಸುಕಿನಲ್ಲಿ. ಎಂಟರೊಳಗೆ ಮೀನು ಮಾರುಕಟ್ಟೆ ಸೇರಬೇಕು. ಹಾಗಾಗಿ ಸವಾರಿ ಬೆಳಗ್ಗೆ ಎಂಟರಿಂದ ಹತ್ತೂವರೆ, ಸಂಜೆ ಮೂರೂವರೆಯಿಂದ ಐದು. ಸೂರ್ಯೋದಯದ ಫೋಟೋ ಬೇಕೆನ್ನುವವರು ದಂಡೆಯ ಮೇಲೆ ನಿಂತು ತೆಗೆಯಲಿ. ಇದೊಂದು ಕಟ್ಟಳೆ ಹಾಕಿದ ಮೇಲೆಯೇ ಅಂಬಿಗರು ತಾವಾಗಿ ಬಂದು ಪಾಳಿಗೆ ಹೆಸರು ಬರೆಸಿದ್ದು.

ಕೂರಿಸುವುದು ನಾಲ್ಕೇ ಜನರನ್ನು, ತಳದಲ್ಲಿ ಗೋಣಿಚೀಲದ ಮೇಲೆ. ಅಂಚಿನ ಮೇಲೆ ಯಾರೂ ಇಲ್ಲ. ಎಲ್ಲರಿಗಿಂತ ದಪ್ಪ ಇದ್ದವರು ಅಂಬಿಗನ ಎದುರಿಗೆ. ಸೆಲ್ಫಿಗೆ ಅಂತ ಮೂವರು ಒಂದೇ ಕಡೆ ವಾಲಿದರೆ ಅಂಚು ನೀರಿಗೆ ತಾಗಿ ಒಳಗೆ ಸುರಿಯುತ್ತದೆ, ಮಗುಚುವುದು ಹಾಗೆಯೇ. ಗಿರಗಿರ ತಿರುಗಿಸಿ ತೋರಿಸುವ ಆಟ ನಮ್ಮಲ್ಲಿಲ್ಲ. ತಳ ಚಪ್ಪಟೆಯಾದ್ದರಿಂದ ಗಾಳಿ ತಳ್ಳಿದತ್ತ ಹರಗೋಲು ಸರಿಯುತ್ತದೆ. ದಂಡೆಯ ಜಾಲಿ ಒಂದೇ ಕಡೆ ಬಾಗಿ ನಿಂತಿದ್ದರೆ ಆ ಪಾಳಿ ರದ್ದು.

ತಳಕ್ಕೆ ತಾಡಪತ್ರಿ, ಅದರ ಮೇಲೆ ಡಾಂಬರು. ಮೊದಲ ಬೇಸಿಗೆಯಲ್ಲಿ ಡಾಂಬರು ಕರಗಿ ಒಬ್ಬರ ಇಳಕಲ್ ಸೀರೆಗೆ ಹತ್ತಿತು, ಸೀರೆಯ ದುಡ್ಡು ಕೊಟ್ಟೆವು. ಈಗ ಕಾಯಿಸುವಾಗಲೇ ಒಂದು ಸಾಮಾನು ಬೆರೆಸುತ್ತೇವೆ. ಅದೇನು ಅಂತ ಕೇಳಬೇಡಿ, ಅದನ್ನು ಹೇಳಿಕೊಟ್ಟ ಮುದುಕಪ್ಪನಿಗೆ ಮಾತು ಕೊಟ್ಟಾಗಿದೆ.

ಲೈಫ್ ಜಾಕೆಟ್ ವಿಷಯದಲ್ಲಿ ಬಿಲ್ಲು ನಂಬಬೇಡಿ. ಎಂಟು ಕೆಜಿ ಕಬ್ಬಿಣದ ತೂಕ ಕಟ್ಟಿ ನೀರಿಗೆ ಬಿಡಿ. ನೀರೊಳಗೆ ಅದು ಎಳೆಯುವುದು ಏಳು ಕೆಜಿಯಷ್ಟು. ಅರ್ಧ ತಾಸು ತೇಲಬೇಕು. ಅಗ್ಗಕ್ಕೆ ಸಿಕ್ಕಿತೆಂದು ತಂದ ಇಪ್ಪತ್ತರಲ್ಲಿ ಎಂಟೋ ಒಂಬತ್ತೋ ಹತ್ತು ನಿಮಿಷಕ್ಕೇ ನೀರು ಕುಡಿದು ಮುಳುಗಿದವು. ಮಕ್ಕಳ ಅಳತೆಯದು ಬೇರೆಯೇ ಇರಬೇಕು, ತೊಡೆಸಂದಿಯ ಪಟ್ಟಿ ಇಲ್ಲದಿದ್ದರೆ ಜಾಕೆಟ್ ಮೇಲೆ ಉಳಿದು ಮಗು ಕೆಳಗೆ ಜಾರುತ್ತದೆ.

ಹರಗೋಲಿಗಿಂತ ಅಪಾಯ ದಂಡೆಯಲ್ಲೇ ಇದೆ. ಮರಳು ತೆಗೆದ ಗುಂಡಿಗಳು. ಮೊಣಕಾಲುದ್ದ ನೀರು ಒಂದೇ ಹೆಜ್ಜೆಗೆ ಎರಡಾಳು ಆಗುತ್ತದೆ. ಹೊಳೆ ಇಳಿದ ಮೇಲೆ ಅಡಿಗೊಂದು ಗೆರೆ ಬರೆದ ಗಳ ಹಿಡಿದು ಇಳಿಯುವ ಜಾಗವನ್ನೆಲ್ಲ ಚುಚ್ಚಿ ನೋಡುತ್ತೇವೆ, ಪ್ರತಿ ವಾರ.

ಒಬ್ಬರಿಗೆ ನೂರೈವತ್ತು ರೂಪಾಯಿ, ನಾಲ್ವರಿಗೆ ಆರುನೂರು. ನಾನೂರು ಅಂಬಿಗನ ಕೈಗೆ, ದಂಡೆಯಲ್ಲೇ, ಅವತ್ತೇ. ನೂರು ಹರಗೋಲಿನ ದುರಸ್ತಿಗೆ, ಐವತ್ತು ಘಾಟಿನ ಕಸಕ್ಕೆ, ಐವತ್ತು ಫೋನ್ ನೋಡುವವರಿಗೆ. ಮೊದಲ ವರ್ಷ ತಿಂಗಳಿಗೊಮ್ಮೆ ಕೊಡುತ್ತಿದ್ದೆವು, ಅರ್ಧ ಜನ ಬಿಟ್ಟು ಹೋದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟದ ದುಡ್ಡು ಪೂರಾ ಮಾಡಿದ ಮನೆಯವರಿಗೆ. ನೀರಿನ ಬಾಟಲಿಗೆ ಇಪ್ಪತ್ತು ರೂಪಾಯಿ ಠೇವಣಿ. ಬಾಟಲಿ ವಾಪಸ್ಸು ತಂದರೆ ದುಡ್ಡು ವಾಪಸ್ಸು.

ಮೀನಿಗೆ ಚುರಮುರಿ ಹಾಕಿಸುವುದನ್ನೂ ಒಂದು ತಿಂಗಳು ಮಾಡಿ ನೋಡಿದೆವು. ಮೀನು ಬಂದವು, ಹಿಂದೆಯೇ ಖಾಲಿ ಪ್ಲಾಸ್ಟಿಕ್ ಚೀಲವೂ. ನಿಲ್ಲಿಸಿದೆವು. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಹರಗೋಲು ನಡೆಸಿ ಅಂತ ಕೆಲವರು ಕರೆದರು. ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಹಗಲು ನೀರಲ್ಲಿ ದಣಿವಾರಿಸಿಕೊಳ್ಳುವಾಗ ನಡುವೆ ಹರಗೋಲು ನುಗ್ಗಿಸುವುದೇ? ಒಲ್ಲೆ ಅಂದೆವು. ನಮ್ಮ ಹೊಳೆಯಲ್ಲೂ ಫೆಬ್ರುವರಿಯಿಂದ ಮಳೆಯವರೆಗೆ ನಡುಗಡ್ಡೆಗೆ ಯಾರನ್ನೂ ಇಳಿಸುವುದಿಲ್ಲ. ನದಿ ರೀವ ಅನ್ನುವ ಹಕ್ಕಿ ಬರೀ ಮರಳ ಮೇಲೆ, ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಹಕ್ಕಿಯನ್ನು ಸ್ವಲ್ಪ ಹೊತ್ತು ಎಬ್ಬಿಸಿದರೂ ಬಿಸಿಲಿಗೆ ಮೊಟ್ಟೆ ಬೆಂದು ಹೋಗುತ್ತದೆ.

ಮುಂದಿನ ಆಸೆ ಗಳಗನಾಥದವರೆಗೆ, ವರದೆ ಬಂದು ಕೂಡುವಲ್ಲಿಯವರೆಗೆ ಒಂದು ದಿನದ ಸವಾರಿ. ಎರಡು ಸಲ ಹೋಗಿ ನೋಡಿದ್ದಾಯಿತು; ನೀರು ಇಳಿದಾಗ ಬಂಡೆಗಳು ಎದ್ದು ನಾಲ್ಕು ಕಡೆ ಹರಗೋಲು ಹೊರಬೇಕಾಯಿತು. ನವೆಂಬರಿನಲ್ಲಿ ಇನ್ನೊಮ್ಮೆ. ಅಲ್ಲಿಯವರೆಗೆ ಘಾಟಿನ ಮೂರನೇ ಮೆಟ್ಟಿಲಿಗೆ ಬಳಿದ ಕೆಂಪು ಪಟ್ಟಿ ನೋಡುತ್ತೇವೆ. ನೀರು ಅದಕ್ಕೆ ತಾಗಿತೋ, ಕೆಂಪಾಗಿ ನೊರೆ ಕಟ್ಟಿತೋ, ಹರಗೋಲು ದಂಡೆಗೆಳೆದು ಬೋರಲು ಹಾಕುವುದು, ಬುಕಿಂಗ್ ದುಡ್ಡು ವಾಪಸ್ಸು ಕೊಡುವುದು.